ಹಚ್ಚಿಗೂ ಲೈಸನ್ಸು

(ಹಾನಗಲ್ಲ ಬಸ್ ಸ್ಟ್ಯಾಂಡು. ಮೊಮ್ಮಗನ ಬಗಲಾಗ ಫೈಲು, ಆಯಿಯ ಮುಂಗೈ ತುಂಬ ಹಸಿರು ಹಚ್ಚಿ.)

ಆಯಿ: ಎಲ್ಲಿ ಹೊಂಟಿಯೋ ತಮ್ಮಾ?

ಮೊಮ್ಮಗ: ಪುರಸಭೆಗೆ. ಟ್ಯಾಟೂ ಅಂಗಡಿಗೆ ಉದ್ದಿಮೆ ಪರವಾನಗಿ ಬೇಕು. ಬಾಡಿಗಿ ಕರಾರು, ತೆರಿಗಿ ರಸೀದಿ, ಫೋಟೊ...

ಆಯಿ: ನನಗ ಹಚ್ಚಿ ಹಾಕಿದಾಕಿ ಸವಣೂರು ಸಂತ್ಯಾಗ ಕುಂತಿದ್ಲು. ಸೇರು ಜ್ವಾಳ ಇಸಗೊಂಡ್ಲು, ಮುಗೀತು. ಹೋಗ್ಲಿ, ಬಣ್ಣಕ್ಕ ಯಾವ ಕಾಗದ?

ಮೊಮ್ಮಗ: ಅದಕ್ಕ ಕಾಯ್ದೇನ ಇಲ್ಲ ಆಯಿ. 2025ರಾಗ ಪರೀಕ್ಷಾ ಮಾಡಿಸಿದ್ರ ಬಣ್ಣದಾಗ 22 ಲೋಹ ಸಿಕ್ಕಾವಂತ. ದಿಲ್ಲಿಗೆ ಪತ್ರ ಬರೀತೀವಿ ಅಂದಿದ್ರು ಆಗಿನ ರಾಜ್ಯದ ಆರೋಗ್ಯ ಮಂತ್ರಿಗಳು.

ಆಯಿ: 22 ಲೋಹ! ನನ್ನ ಮೈಮ್ಯಾಲ ಒಂದು ತೊಲಿ ಬಂಗಾರಿಲ್ಲ. ಕಿವಿ ಚುಚ್ಚಾಕ?

ಮೊಮ್ಮಗ: ಪತ್ತಾರನ್ನ ಯಾರು ಕೇಳ್ತಾರ?

ನೀವು ಚುಚ್ಚಿಸಿಕೊಳ್ಳುವ ಊರು ಶಿಗ್ಗಾವಿಯಾಗಿರಲಿ, ಹಿರೇಕೆರೂರಾಗಿರಲಿ, ಗೋಡೆಯ ಮೇಲಿನ ಲೈಸನ್ಸು ಆಮೇಲೆ ನೋಡಿರಿ; ಸೂಜಿಯ ಪಾಕೀಟು ನಿಮ್ಮ ಕಣ್ಣೆದುರಿಗೇ ಒಡೆಯಲು ಹೇಳಿರಿ.