ಕೆಂಪಕ್ಷರದ ರಂಪ
1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ರೇಡಾರ್ ತಯಾರಿಸುತ್ತದೆ. ರೇಡಾರಿನ ಅರ್ಧ ಕೆಲಸವೇ ಗದ್ದಲದ ನಡುವೆ ನಿಜವಾದ ವಿಮಾನವನ್ನು ಹುಡುಕುವುದು. ಅದೇ ಊರಿನ ಪಿಜಿಯಲ್ಲಿ ಕೂತು ಎಫ್12 ಒತ್ತಿ ಬ್ರೌಸರಿನ ಕನ್ಸೋಲ್ ತೆರೆಯುವ ವೆಬ್ ಡೆವಲಪರ್‌ಗಳದ್ದೂ ಅದೇ ಪಾಡು; ರಕ್ಷಣಾ ಬಜೆಟ್ ಮಾತ್ರ ಇಲ್ಲ.

ಕನ್ಸೋಲ್ ತುಂಬ ಕೆಂಪು ದೋಷ, ಹಳದಿ ಎಚ್ಚರಿಕೆ. ಟ್ಯಾಬಿನ ಪುಟ್ಟ ಚಿತ್ರ, ಅಂದರೆ ಫೇವಿಕಾನ್, ಸಿಗಲಿಲ್ಲವೆಂದು 404ರ ಗೋಳು. 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಬ್ರೌಸರುಗಳಿಗೆ ಹಚ್ಚಿಹೋದ, ಫೇವಿಕಾನ್ ಹುಡುಕುವ ಚಟವಿದು. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಹಾಕಿಕೊಂಡರೋ, ತಡೆದದ್ದಕ್ಕೆಲ್ಲ ಒಂದೊಂದು ಸಾಲು ದೂರು. ಪುಣ್ಯಕ್ಕೆ, ಒಂದೇ ದೂರು ನೂರು ಸಲ ಬಂದರೆ ಕ್ರೋಮ್ ಒಂದೇ ಸಾಲಿಗೆ ಸೇರಿಸಿ ಪಕ್ಕದಲ್ಲಿ ಲೆಕ್ಕ ಬರೆಯುತ್ತದೆ.

ಕನ್ಸೋಲಿನ ಫಿಲ್ಟರ್ ಪೆಟ್ಟಿಗೆಯಲ್ಲಿ ಮೈನಸ್ ಹಾಕಿ ಪದ ಬರೆದರೆ ಆ ಪದವಿರುವ ಸಾಲುಗಳೆಲ್ಲ ಮಾಯ. (ತಪ್ಪು ಅಲ್ಲೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.) ಕೆಲವರು ಇನ್ನೂ ಜಾಣರು: ಕೋಡಿನಲ್ಲೇ ತಪ್ಪು ಹಿಡಿಯಬೇಕಾದ ಕ್ಯಾಚ್ ಬ್ಲಾಕ್ ಖಾಲಿ ಬಿಡುತ್ತಾರೆ. ಕನ್ಸೋಲ್ ಥಳಥಳ, ಪುಟದ ಬಟನ್ ಮಾತ್ರ ಎಷ್ಟು ಒತ್ತಿದರೂ ಮಿಸುಕುವುದಿಲ್ಲ.