ಜೈಲಿಗೂ ಬರಿಗೈಲಿ ಹೋಗಬಾರದು

ನಮ್ಮ ಅತ್ತೆಯವರ ಶಾಸ್ತ್ರದ ಪ್ರಕಾರ ಬರಿಗೈಲಿ ಹೋಗಬಾರದ ಜಾಗಗಳ ಪಟ್ಟಿ ದೊಡ್ಡದು. ದೇವಸ್ಥಾನ, ಬಾಣಂತಿ ಇರುವ ಮನೆ, ಮಕ್ಕಳಿರುವ ಮನೆ, ಮುದುಕರಿರುವ ಮನೆ, ಆಸ್ಪತ್ರೆ. ಈಚೆಗೆ ಈ ಪಟ್ಟಿಗೆ ಪರಪ್ಪನ ಅಗ್ರಹಾರವೂ ಸೇರಿಕೊಂಡಿತು. ಅವರ ಏಕಮಾತ್ರ ಪುತ್ರ, ಅಂದರೆ ನನ್ನ ಏಕಮಾತ್ರ ಭಾವಮೈದುನ, ಅಲ್ಲಿ ಸಿವಿಲ್ ಕೈದಿಯಾಗಿ ಬಿಡಾರ ಹೂಡಿದ್ದ.

‘ಸಿವಿಲ್’ ಅನ್ನುವುದನ್ನು ಅತ್ತೆ, ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕ ಧಾಟಿಯಲ್ಲಿ ಹೇಳುತ್ತಿದ್ದರು. “ಕದ್ದಿಲ್ಲ, ಯಾರಿಗೂ ಹೊಡೆದಿಲ್ಲ. ಸಾಲ ತೀರಿಸಿಲ್ಲ, ಅಷ್ಟೇ.” ಎದುರುಮನೆಯಾಕೆ, “ಜಯಲಲಿತಾ ಇದ್ದಿದ್ದು ಅದೇ ಜೈಲಲ್ವಾ?” ಎಂದು ಕೇಳಿದ ಮೇಲಂತೂ ಅವರ ದುಃಖ ಅರ್ಧಕ್ಕಿಳಿಯಿತು. 2014ರ ಸೆಪ್ಟೆಂಬರ್ 27ರಂದು ಒಬ್ಬ ಮುಖ್ಯಮಂತ್ರಿಯೇ ಹೋಗಿ ಸೇರಿದ ಜಾಗ ಸಾಮಾನ್ಯದ್ದೇ? ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರಿಗೆ 1972ರಲ್ಲಿ ಸರ್ಕಾರ ತಾಮ್ರಪತ್ರ ಕೊಟ್ಟ ಸಂಗತಿಯನ್ನು ನಾನು ಬಾಯಿತಪ್ಪಿ ಹೇಳಿದೆ. ಅತ್ತೆ ಶೋಕೇಸಿನಲ್ಲಿ ಒಂದಿಷ್ಟು ಜಾಗ ಖಾಲಿ ಮಾಡಿದರು.

ಪುಣ್ಯಾತ್ಮ ಎಮು ಸಾಕಿ ಕೋಟ್ಯಧೀಶನಾಗಲು ಹೊರಟು, ಒಬ್ಬ ನಿವೃತ್ತ ಹೆಡ್‌ಮಾಸ್ತರರಿಂದ ಸಾಲ ತಂದಿದ್ದ. ಎಮುಗಳು ತಿಂದವು, ಬೆಳೆದವು, ಇನ್ನಷ್ಟು ತಿಂದವು. ಕೊಳ್ಳುವವರು ಮಾತ್ರ ಬರಲಿಲ್ಲ. ಮೇಷ್ಟ್ರು ದಾವಾ ಹೂಡಿ ಡಿಕ್ರಿ ಪಡೆದರು. ಅಂದಿನಿಂದ ನಮ್ಮ ಮನೆಯಲ್ಲಿ ಅವರ ಹೆಸರೇ ‘ಡಿಕ್ರಿದಾರರು’. ಕೈಲಾಗದ ಬಡವನನ್ನು ಸಾಲಕ್ಕಾಗಿ ಕೂಡಿಹಾಕುವಂತಿಲ್ಲ, ಕೊಡುವ ತಾಕತ್ತಿದ್ದೂ ಸತಾಯಿಸಿದ್ದು ಕಾಣಬೇಕು ಎಂದು ಸುಪ್ರೀಂ ಕೋರ್ಟು 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ನಮ್ಮ ವಕೀಲರು ಅದನ್ನೇ ಹಿಡಿದು ಗಂಟಲು ಹರಿದುಕೊಂಡು ವಾದಿಸಿದರು. ಅಷ್ಟರಲ್ಲಿ ಆ ಕಡುಬಡವ ಕೊರಳಲ್ಲಿ ಎರಡೆಳೆ ಚಿನ್ನದ ಸರ, ಬೆರಳಲ್ಲಿ ಹೊಸ ಕಾರಿನ ಕೀ ತಿರುಗಿಸುತ್ತ ಸಾಕ್ಷಿಕಟ್ಟೆ ಹತ್ತಿದ.

ವಕೀಲರು ಮನೆಗೇ ಬಂದು ಸಮಾಧಾನ ಹೇಳಿದರು. ಸಾಲ ಎಷ್ಟೇ ಕೋಟಿ ಇರಲಿ, ಸಿವಿಲ್ ಸೆರೆ ಮೂರು ತಿಂಗಳು ಮೀರುವಂತಿಲ್ಲ. ಅದಕ್ಕಿಂತ ದೊಡ್ಡ ಸಮಾಧಾನ ಊಟದ್ದು. ಸೆರೆಯಲ್ಲಿರುವಷ್ಟು ಕಾಲ ಅವನ ಜೀವನಭತ್ಯೆಯನ್ನು ಸೆರೆಗೆ ಹಾಕಿಸಿದವರೇ ತಿಂಗಳು ತಿಂಗಳು ಮುಂಗಡವಾಗಿ ಕಟ್ಟಬೇಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 57ನೇ ಕಲಂ ಪ್ರಕಾರ ಈ ಭತ್ಯೆಯನ್ನು ಆಸಾಮಿಯ ದರ್ಜೆ, ಜನಾಂಗ, ರಾಷ್ಟ್ರೀಯತೆ ನೋಡಿ ಸರ್ಕಾರ ಗೊತ್ತುಮಾಡಬಹುದು.

“ದರ್ಜೆ ಅಂದಿರಾ?” ಅತ್ತೆ ನೆಟ್ಟಗೆ ಕೂತರು. “ನಮ್ಮದು ಶಾನುಭೋಗರ ಮನೆತನ. ತುಪ್ಪ ಇಲ್ಲದೆ ತುತ್ತು ಇಳಿಯೋದಿಲ್ಲ ಅಂತ ಬರೆಸಿಬಿಡಿ.”

ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲ ಎಂಬ 56ನೇ ಕಲಮನ್ನೂ ವಕೀಲರು ಹೇಳಿದರು. ನನ್ನ ಹೆಂಡತಿ ಮುಖ ಅರಳಿಸಿ, “ರೀ, ಇನ್ನುಮೇಲೆ ಸಾಲಗೀಲ ಎಲ್ಲಾ ನನ್ನ ಹೆಸರಲ್ಲೇ ಇರಲಿ” ಅಂದಳು. ಈ ಮನೆಯಿಂದ ಸಿವಿಲ್ ಜೈಲಿಗೆ ಹೋಗುವ ಅರ್ಹತೆ ಉಳಿದಿರುವುದು ನನಗೊಬ್ಬನಿಗೇ ಎಂದು ಆಗ ಹೊಳೆಯಿತು.

ಹೊರಡುವ ಸಿದ್ಧತೆ ಅಡುಗೆಮನೆಯಿಂದ ಶುರುವಾಯಿತು. ಚಕ್ಕುಲಿ, ಕೋಡುಬಳೆ, ರವೆ ಉಂಡೆ, ಹುಣಸೆ ಗೊಜ್ಜು, ಮಾವಿನಮಿಡಿ ಉಪ್ಪಿನಕಾಯಿ. ತಂದದ್ದನ್ನೆಲ್ಲ ತಪಾಸಣೆ ಮಾಡುತ್ತಾರೆ, ಬಿಡುವುದೂ ಬಿಡದಿರುವುದೂ ಜೈಲಿನವರಿಗೆ ಸೇರಿದ್ದು ಎಂದು ವಕೀಲರು ಎಚ್ಚರಿಸಿದರು. ಬ್ರಿಟಿಷರು 1894ರಲ್ಲಿ ಬರೆದ ಬಂದೀಖಾನೆ ಕಾಯ್ದೆ ಸಿವಿಲ್ ಕೈದಿಗೆ ಹೊರಗಿನ ಊಟ, ಬಟ್ಟೆ, ಹಾಸಿಗೆ ತರಿಸಿಕೊಳ್ಳಲು ಅವಕಾಶ ಕೊಟ್ಟಿತ್ತಂತೆ. ಆದರೆ ಅದರಲ್ಲಿ ಒಂದು ಚೂರನ್ನೂ ಇನ್ನೊಬ್ಬ ಕೈದಿಗೆ ಕೊಡಕೂಡದು ಎಂದೂ ಬರೆದಿತ್ತಂತೆ. ಅತ್ತೆಗೆ ಸಿಟ್ಟು ನೆತ್ತಿಗೇರಿತು. “ಹಂಚಿ ತಿನ್ನಬಾರದು ಅಂತ ಕಾನೂನು ಬರೆದವನನ್ನ ಯಾವ ತಾಯಿ ಸಾಕಿದ್ದಳೋ!” ಸಿಟ್ಟಿನ ಭರದಲ್ಲಿ ಇನ್ನೊಂದು ಒಬ್ಬೆ ಚಕ್ಕುಲಿ ಎಣ್ಣೆಗೆ ಬಿತ್ತು.

ನನ್ನ ಪಾಲಿಗೆ ಬಂದದ್ದು ಇ-ಮುಲಾಖಾತ್ ಜಾಲತಾಣದಲ್ಲಿ ಹೆಸರು ನೋಂದಾಯಿಸುವ ಕೆಲಸ. ನಮ್ಮ ವಿವರ ತುಂಬುವುದು ಸುಲಭವಾಯಿತು. ಕೈದಿಯ ವಯಸ್ಸು ಕೇಳಿದಾಗ ಮನೆಯಲ್ಲಿ ಗದ್ದಲ ಎದ್ದಿತು. ಶಾಲೆಗೆ ಬೇಗ ಸೇರಿಸಲು ಏರಿಸಿದ ವಯಸ್ಸು ಒಂದು, ಹೆಣ್ಣು ನೋಡಲು ಇಳಿಸಿದ ವಯಸ್ಸು ಇನ್ನೊಂದು, ಜಾತಕದ್ದು ಮತ್ತೊಂದು. “ಕಡಿಮೆಯದ್ದೇ ಹಾಕಿ ಅಳಿಯಂದ್ರೇ” ಎಂದು ಅತ್ತೆ ಪಿಸುಗುಟ್ಟಿದರು. “ಅಲ್ಲೂ ಯಾರಾದರೂ ಹೆಣ್ಣು ಹೆತ್ತವರು ಇರಬಹುದು.”

ಮುಂದಿನದು ನನ್ನ ಉಡುಪು. ಬಿಳಿ ಪಂಚೆ, ಬಿಳಿ ಅಂಗಿ ಹಾಕಿದರೆ ರಾಜಕಾರಣಿ ಶರಣಾಗಲು ಬಂದ ಹಾಗೆ ಕಾಣುತ್ತೆ ಅಂದಳು ಹೆಂಡತಿ. ಕರಿ ಕೋಟು ಹಾಕಿದರೆ ವಕೀಲರೆಂದು ಯಾರಾದರೂ ಕೇಸು ಕೊಟ್ಟಾರು. ಮಾಸಿದ್ದು ಹಾಕಿಕೊಂಡರೆ ಒಳಗಿನವನೇ ಹೊರಗೆ ಬಂದಿದ್ದಾನೆ ಎಂದು ಹಿಡಿದು ವಾಪಸು ಕಳಿಸಿದರೆ? ಈ ಕೊನೆಯ ಭಯ ನನ್ನನ್ನು ನಿಜಕ್ಕೂ ಕಾಡಿತು. ಪೊಲೀಸರನ್ನು ಕಂಡರೆ, ಹೆಲ್ಮೆಟ್ ತಲೆಯ ಮೇಲೇ ಇದ್ದರೂ ತಡವಿ ನೋಡಿಕೊಳ್ಳುವ ಜಾತಿ ನನ್ನದು. ಆದ್ದರಿಂದ ಆಧಾರ್, ಪ್ಯಾನ್, ಮತದಾರರ ಚೀಟಿ, ರೇಷನ್ ಕಾರ್ಡು, ಎಲ್ಲದರ ಜೆರಾಕ್ಸು ಫೈಲಿಗೆ ಸೇರಿಸಿದೆ. ಸಂಬಂಧಕ್ಕೆ ಪುರಾವೆ ಕೇಳಿದರೆ ಇರಲಿ ಎಂದು ಮದುವೆಯ ಲಗ್ನಪತ್ರಿಕೆಯನ್ನೂ ಹುಡುಕಿ ತೆಗೆದೆ. ಅದನ್ನು ನೋಡಿದ ಹೆಂಡತಿ, “ಇಷ್ಟು ವರ್ಷದಲ್ಲಿ ನಮ್ಮ ವಾರ್ಷಿಕೋತ್ಸವದ ತಾರೀಕು ನೋಡೋಕೂ ಇದನ್ನ ತೆಗೆದಿರಲಿಲ್ಲ” ಅಂದಳು.

ಮಾತಿಗೇನು ಮಾಡುವುದು ಎಂಬುದು ಕೊನೆಗೆ ಉಳಿದ ಚಿಂತೆ. ನೆಂಟರನ್ನು ಕಂಡರೆ ನನ್ನ ಬಾಯಿಗೆ ಬರುವುದು ಮೂರೇ ಪ್ರಶ್ನೆ: ಯಾವಾಗ ಬಂದಿರಿ, ಊಟ ಆಯ್ತಾ, ಯಾವಾಗ ಹೊರಡೋದು? ಮೂರೂ ಅಲ್ಲಿಗೆ ಹೊಂದುವುದಿಲ್ಲ. ಕನ್ನಡಿ ಮುಂದೆ ನಿಂತು “ಧೈರ್ಯ ತಗೊಳ್ಳಪ್ಪಾ” ಎಂದು ಅಭ್ಯಾಸ ಮಾಡಿದೆ. ಕನ್ನಡಿಯಲ್ಲಿದ್ದವನಿಗೇ ಧೈರ್ಯ ಸಾಲದೆಂಬಂತೆ ಕಂಡಿತು.

ಹೊರಡಬೇಕಾದ ದಿನ ತಿಂಗಳ ಒಂದನೇ ತಾರೀಕು ಕಳೆದಿತ್ತು. ಬ್ಯಾಗುಗಳನ್ನು ಹೊತ್ತು, ರಾಹುಕಾಲ ತಪ್ಪಿಸಿ, ಬಾಗಿಲಿಗೆ ಬೀಗ ಹಾಕುತ್ತಿದ್ದೆವು. ಗೇಟಿನ ಮುಂದೆ ಆಟೋ ನಿಂತಿತು. ಭಾವಮೈದುನ ಇಳಿದ.

“ಭಾವಾ, ಎಲ್ಲರೂ ಎಲ್ಲಿಗೆ ಹೊರಟಿರಿ?”

“ನಿನ್ನನ್ನ ನೋಡೋದಕ್ಕೆ.”

“ಹಾಗಾದ್ರೆ ಒಳಗೆ ಬನ್ನಿ” ಎಂದು ನಮ್ಮ ಮನೆಯೊಳಕ್ಕೆ ನಮ್ಮನ್ನೇ ಕರೆದು, ಆಟೋದವನಿಗೆ ದುಡ್ಡು ಕೊಡುವಂತೆ ನನಗೆ ಸನ್ನೆ ಮಾಡಿದ.

ಆದದ್ದಿಷ್ಟು. ‘ಸಾಲ ಕೊಟ್ಟು ಕೆಟ್ಟೆ, ಊಟ ಹಾಕಿಯೂ ಕೆಡಲೇ?’ ಎಂದು ಮೇಷ್ಟ್ರು ಆ ತಿಂಗಳ ಭತ್ಯೆ ಕಟ್ಟಲಿಲ್ಲ. ಭತ್ಯೆ ಬರದಿದ್ದರೆ ಕೈದಿಯನ್ನು ಬಿಡಬೇಕು. ಸಾಲ ಹಾಗೇ ಇರುತ್ತದೆ. ಆದರೆ ಅದೇ ಡಿಕ್ರಿಗೆ ಅವನನ್ನು ಮತ್ತೆ ಬಂಧಿಸುವಂತಿಲ್ಲ. ಇಷ್ಟನ್ನೂ ಅವನು ಚಕ್ಕುಲಿ ಕಡಿಯುತ್ತಲೇ ವಿವರಿಸಿದ. ಡಬ್ಬಿಯಿಂದ ನಮಗೆ ಒಂದು ಚೂರನ್ನೂ ಕೊಡಲಿಲ್ಲ. ಒಳಗೆ ಯಾರೋ 1894ರ ಕಾಯ್ದೆ ಬಾಯಿಪಾಠ ಮಾಡಿಸಿದ್ದಿರಬೇಕು.

ಈಗ ಅವನ ಬಿಡಾರ ನಮ್ಮ ಮಹಡಿಯ ಕೋಣೆ. ಕಾರು ಜಪ್ತಿಯಾಗಿದೆ, ದರ್ಜೆ ಹಾಗೇ ಉಳಿದಿದೆ, ತುಪ್ಪ ತುತ್ತಿಗೆ ಬೀಳುತ್ತಿದೆ. ಮೇಷ್ಟ್ರಿಗಾದರೂ ಊಟಕ್ಕೆ ಕಟ್ಟಿದ ಹಣವನ್ನು ದಾವೆಯ ಖರ್ಚೆಂದು ಅವನ ಬಾಕಿಗೆ ಸೇರಿಸುವ ಹಕ್ಕಿದೆ. ಮೊನ್ನೆ ಧೈರ್ಯ ಮಾಡಿ, ಈ ತಿಂಗಳ ಭತ್ಯೆ ನಾನೂ ಕಟ್ಟದಿದ್ದರೆ ಏನಾಗುತ್ತದೆ ಎಂದು ಹೆಂಡತಿಯನ್ನು ಕೇಳಿದೆ. ಈ ಮನೆಯ ಸಂಹಿತೆಯಲ್ಲಿ ಅದಕ್ಕೂ ಒಂದು ಕಲಂ ಇದೆಯಂತೆ: ಭತ್ಯೆ ನಿಂತರೆ ಹೊರಗೆ ಹೋಗಬೇಕಾದವನು ಕಟ್ಟುವವನು.