ಪಿಡಿಎಫ್ ಅಣ್ಣ

ಚಳ್ಳಕೆರೆ ಕಡೆಯ ಯಾವುದಾದರೂ ಕಚೇರಿಯ ನಡುವೆ ನಿಂತು ‘ತಿಪ್ಪೇಸ್ವಾಮೀ’ ಎಂದು ಒಮ್ಮೆ ಕೂಗಿ ನೋಡಿ. ಕಡಿಮೆಯೆಂದರೆ ಮೂವರು ತಲೆ ಎತ್ತುತ್ತಾರೆ. ಇದು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಸೀಮೆ. ಇಲ್ಲಿ ಬರ ಮಳೆಗೆ, ಈ ಹೆಸರಿಗಲ್ಲ. ಹಾಗಾಗಿ ನಾನಿದ್ದ ಕಚೇರಿಯಲ್ಲಿ ಕಸುಬು ಸೇರಿಸಿ ಕರೆಯುವ ಪದ್ಧತಿ ಇತ್ತು: ಜೀಪ್ ತಿಪ್ಪೇಸ್ವಾಮಿ, ಟಪಾಲು ತಿಪ್ಪೇಸ್ವಾಮಿ, ಪಿಡಿಎಫ್ ತಿಪ್ಪೇಸ್ವಾಮಿ. ಮೂರನೆಯವನ ಹೆಸರಿನಿಂದ ತಿಪ್ಪೇಸ್ವಾಮಿ ಬೇಗನೆ ಉದುರಿಹೋಗಿ ‘ಪಿಡಿಎಫ್ ಅಣ್ಣ’ ಉಳಿಯಿತು. ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಹೆಡ್ ಕ್ಲರ್ಕೂ ಅಣ್ಣ ಎಂದೇ ಕರೆಯುತ್ತಿದ್ದರು. ಅಪ್‌ಲೋಡಿನ ಕೊನೇ ದಿನ ವಯಸ್ಸು ಯಾರು ನೋಡುತ್ತಾರೆ?

ಕಚೇರಿ ಯಾವುದು ಎಂದು ಕೇಳಬೇಡಿ. ನಿಮ್ಮ ಕಚೇರಿಯಲ್ಲೂ ಇವನು ಇದ್ದಾನೆ. ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ಕೊರಳಲ್ಲಿ ಪೆನ್‌ಡ್ರೈವ್, ಕಿಸೆಯಲ್ಲಿ ಇನ್ನೊಂದು ಪೆನ್‌ಡ್ರೈವ್, ಮೊದಲನೆಯದಕ್ಕೆ ವೈರಸ್ ಹತ್ತಿದಾಗ ಎರಡನೆಯದು. ನಮ್ಮವನಿಗೆ ಎರಡು ಊರಿನ ಪ್ರಭಾರ. ಸೋಮ, ಬುಧ, ಶುಕ್ರ ಚಳ್ಳಕೆರೆ. ಮಂಗಳ, ಗುರು ಮೊಳಕಾಲ್ಮೂರು. ತಳಕು, ಬಿ.ಜಿ.ಕೆರೆ, ಹಾನಗಲ್ ದಾಟುವ ಕೆಂಪು ಬಸ್ಸಿನ ಕಿಟಕಿ ಪಕ್ಕದ ಸೀಟೇ ಅವನ ಕೇಂದ್ರ ಕಚೇರಿ. ಫೋನೆಲ್ಲ ಅಲ್ಲಿಗೇ ಬರುತ್ತಿತ್ತು.

ಅವನ ಕೆಲಸ ಹೇಳುವುದಕ್ಕೆ ಒಂದು ಸಾಲು: ವರ್ಡ್ ಫೈಲನ್ನು ಪಿಡಿಎಫ್ ಮಾಡುವುದು. ಮೇಲಿನ ಪೋರ್ಟಲ್ಲುಗಳಿಗೆ ಪಿಡಿಎಫ್ ಬಿಟ್ಟು ಬೇರೇನೂ ಸೇರುವುದಿಲ್ಲ. ನಮ್ಮವರೋ ನುಡಿಯ ಹಳೆಯ ಫಾಂಟಿನಲ್ಲಿ ಬೆರಳು ಪಳಗಿಸಿಕೊಂಡವರು. ಯೂನಿಕೋಡ್ ರೂಢಿಗೆ ಬರುವ ಮುಂಚಿನ ಆ ಫಾಂಟುಗಳ ಗುಟ್ಟು ಗೊತ್ತಲ್ಲ, ಒಳಗಿರುವುದೆಲ್ಲ ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಹೊದ್ದದ್ದು ಮಾತ್ರ ಕನ್ನಡದ ಆಕಾರ. ಆ ಫಾಂಟಿಲ್ಲದ ಯಂತ್ರದಲ್ಲಿ ಫೈಲು ತೆರೆದರೆ ಹೊದಿಕೆ ಜಾರಿ, ಟೋಪಿ ಇಟ್ಟ ‘ಎ’, ಮೀಸೆ ಬಿಟ್ಟ ‘ಯು’, ನೆತ್ತಿಯ ಮೇಲೆ ಎರಡು ಚುಕ್ಕೆ ಹೊತ್ತ ‘ಐ’ ಸಾಲುಗಟ್ಟಿ ನಿಲ್ಲುತ್ತವೆ. ‘ಮಾನ್ಯರೇ’ ಎಂದು ಕಳಿಸಿದ್ದು ಜಿಲ್ಲೆಗೆ ಹೋಗಿ ಮುಟ್ಟುವ ಹೊತ್ತಿಗೆ ಬೈಗುಳದ ಹಾಗೆ ಕಾಣುತ್ತಿತ್ತು. ಪಿಡಿಎಫ್ ಆದರೆ ಫಾಂಟು ಫೈಲಿನ ಒಳಗೇ ಕೂತು ಪ್ರಯಾಣ ಮಾಡುತ್ತದೆ. ಬುತ್ತಿ ಕಟ್ಟಿಕೊಂಡು ಹೋದವನಿಗೆ ಹೋಟೆಲಿನ ಹಂಗಿಲ್ಲ.

ಹನ್ನೆರಡು ಕಂಪ್ಯೂಟರು, ಮೂರು ವರ್ಡ್ ಲೈಸೆನ್ಸು. ಉಳಿದ ಒಂಬತ್ತರಲ್ಲಿ ಇದ್ದದ್ದರ ಬಗ್ಗೆ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಪಿಡಿಎಫ್ ಅಣ್ಣ ಕೇಳಿದ. ಕೇಳಿದ್ದಷ್ಟೇ ಅಲ್ಲ, ಒಂದು ಶುಕ್ರವಾರ ಸಂಜೆ ಒಂಬತ್ತರಿಂದಲೂ ಕಿತ್ತುಹಾಕಿದ. ‘ಕದ್ದ ಮಾಲು ಸಾ. ಆಡಿಟ್ನೋರು ಬಂದ್ರೆ ಸಾಹೇಬ್ರು ಹೋಗಲ್ಲ, ನಾನು ಹೋಗ್ತೀನಿ’ ಎಂದ. ಪ್ರಾಮಾಣಿಕತೆಗೆ ಇಷ್ಟು ಸ್ಪಷ್ಟವಾದ ಕಾರಣ ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ.

ಸೋಮವಾರ ಅವನ ಮೇಜಿನ ಮುಂದೆ ರೇಷನ್ ಅಂಗಡಿಯ ಸಾಲು. ಬುಧವಾರ ಸಾಲು ವರಾಂಡಕ್ಕೆ ಬಂತು. ಗುರುವಾರ ಅವನು ಮೊಳಕಾಲ್ಮೂರಿನಲ್ಲಿದ್ದ, ಸಾಲು ಇಲ್ಲೇ ಇತ್ತು. ಆಗ ಅವನಿಗೆ ಗಿರಣಿ ಹೊಳೆಯಿತು.

ಚಳ್ಳಕೆರೆಯನ್ನು ಎಣ್ಣೆ ನಗರ ಎನ್ನುತ್ತಾರೆ. ಮುಂಬಯಿ ಬಿಟ್ಟರೆ ನಾವೇ ಎಂದು ಹಳಬರು ಈಗಲೂ ಎದೆ ಉಬ್ಬಿಸುತ್ತಾರೆ. ಗಿರಣಿಯಲ್ಲಿ ಒಂದು ಕಡೆ ಶೇಂಗಾ ಸುರಿದರೆ ಇನ್ನೊಂದು ಕಡೆ ಎಣ್ಣೆ ಇಳಿಯುತ್ತದೆ, ಮಗ್ಗುಲಲ್ಲಿ ಹಿಂಡಿ ಬೀಳುತ್ತದೆ. ಸುರಿದವನು ಅಲ್ಲೇ ನಿಂತು ಕಾಯಬೇಕಿಲ್ಲ. ಮೂಲೆಯಲ್ಲಿದ್ದ ಹಳೇ ಎಕ್ಸ್‌ಪಿ ಯಂತ್ರವನ್ನು ಒರೆಸಿ, ಲೈಸೆನ್ಸ್ ಇದ್ದ ಒಂದು ವರ್ಡನ್ನು ಅದರಲ್ಲಿ ಕೂರಿಸಿ, ನೆಟ್‌ವರ್ಕಿನಲ್ಲಿ ಎಲ್ಲರಿಗೂ ಕಾಣುವಂತೆ ಮೂರು ಫೋಲ್ಡರು ಇಟ್ಟ: ‘ಶೇಂಗಾ’, ‘ಎಣ್ಣೆ’, ‘ಹಿಂಡಿ’. ಶೇಂಗಾದಲ್ಲಿ ಫೈಲು ಹಾಕಿದರೆ ನಿಮಿಷಕ್ಕೊಮ್ಮೆ ಒಂದು ಸಣ್ಣ ಪ್ರೋಗ್ರಾಮು ಎದ್ದು ನೋಡಿ, ಹಿಂಬದಿಯಿಂದ ವರ್ಡ್ ತೆರೆಸಿ, ಪಿಡಿಎಫ್ ಮಾಡಿ ಎಣ್ಣೆಗೆ ಇಳಿಸುತ್ತಿತ್ತು. ಆಗದಿದ್ದದ್ದು ಹಿಂಡಿಗೆ. ಯಾರಿಗೂ ತರಬೇತಿ ಕೊಡಬೇಕಾಗಲಿಲ್ಲ. ಸೀರೆ ನೇಯುವ ಮೊಳಕಾಲ್ಮೂರಿನಲ್ಲಿ ಇದೇ ವ್ಯವಸ್ಥೆಗೆ ‘ನೂಲು’, ‘ಸೀರೆ’, ‘ಸಿಕ್ಕು’ ಎಂದು ಹೆಸರಿಟ್ಟ. ಅಲ್ಲಿನವರಿಗೂ ತರಬೇತಿ ಬೇಕಾಗಲಿಲ್ಲ. ಲಕ್ಷಗಟ್ಟಲೆ ಸುರಿದು ಮಾಡುವ ತಂತ್ರಾಂಶಗಳಲ್ಲಿ ಎಲ್ಲಿ ಒತ್ತಬೇಕೆಂದೇ ತಿಳಿಯದೆ ಒದ್ದಾಡಿದ ನನಗೆ ಈ ಆರು ಪದಗಳ ಮೇಲೆ ಈಗಲೂ ಅಭಿಮಾನ.

‘ಫೈಲ್ ಎಲ್ಲೈತಪ್ಪಾ?’ ಎಂದು ಬಸ್ಸಿಗೆ ಫೋನ್ ಮಾಡಿದರೆ ಒಂದೇ ಉತ್ತರ: ‘ಎಣ್ಣೇಲೈತೆ ನೋಡಿ ಸಾ, ಇಲ್ದಿದ್ರೆ ಹಿಂಡೀಲೈತೆ.’ ಬೆಳಗೆರೆ ಕೃಷ್ಣಶಾಸ್ತ್ರಿಗಳ ಸೀಮೆಯವನಲ್ಲವೇ, ಅವರು ‘ಯೇಗ್ದಾಗೆಲ್ಲಾ ಐತೆ’ ಎಂದು ಪುಸ್ತಕ ಬರೆದರು, ಇವನು ಫೋಲ್ಡರ್‌ದಾಗೆಲ್ಲಾ ಐತೆ ಅಂದ.

ಹದಿನೈದು ದಿನ ಗಿರಣಿ ಸುಸೂತ್ರ ನಡೆಯಿತು. ಹದಿನಾರನೆಯ ದಿನ ವರ್ಡ್ ಒಂದು ಪ್ರಶ್ನೆ ಕೇಳಿತು. ಏನೋ ಬದಲಾವಣೆ ಆಗಿದೆ, ಮುಂದುವರಿಯಲೇ ಎಂಬ ಸಣ್ಣ ಪೆಟ್ಟಿಗೆ ಪರದೆಯ ಮೇಲೆ ಮೂಡಿತು. ಆ ಪರದೆಯ ಮುಂದೆ ಯಾರೂ ಇರಲಿಲ್ಲ. ಮಾನಿಟರನ್ನೇ ಅವನು ಬೇರೆ ಯಂತ್ರಕ್ಕೆ ಕೊಟ್ಟಿದ್ದ. ವರ್ಡ್ ಮರ್ಯಾದಸ್ಥರ ಹಾಗೆ ಉತ್ತರಕ್ಕೆ ಕಾಯುತ್ತ ಕೂತಿತು. ಹಿಂದೆ ನಲವತ್ತು ಫೈಲು ಶೇಂಗಾದಲ್ಲೇ ಮುಗ್ಗಿದವು. ಹಾನಗಲ್ ದಾಟಿದ್ದ ಪಿಡಿಎಫ್ ಅಣ್ಣ ಫೋನಿನಲ್ಲಿ ಟಪಾಲು ತಿಪ್ಪೇಸ್ವಾಮಿಗೆ ಹೇಳಿಕೊಟ್ಟ: ‘ಮಾನಿಟರ್ ತಂದು ಸಿಗಿಸಣ್ಣ. ಓಕೆ ಅಂತ ಕಾಣ್ತೈತಾ? ಅದುನ್ನ ಒತ್ತು.’ ಆ ಮೇಲೆ ಟಪಾಲು ತಿಪ್ಪೇಸ್ವಾಮಿಯ ದಿನಚರಿಗೆ ಒಂದು ಹೊಸ ಕೆಲಸ ಸೇರಿತು: ಟಪಾಲು ಹಂಚುವುದು, ನೀರಿಡುವುದು, ಓಕೆ ಒತ್ತುವುದು.

ಇದು ನಮ್ಮವನ ಅಜ್ಞಾನವಲ್ಲ. ಮೈಕ್ರೋಸಾಫ್ಟ್ ಕಂಪನಿಯೇ ಇದನ್ನು ಬರೆದಿಟ್ಟಿದೆ. ವರ್ಡು, ಎಕ್ಸೆಲ್ಲು ಎದುರಿಗೆ ಒಬ್ಬ ಮನುಷ್ಯ ಕೂತಿರುತ್ತಾನೆ ಎಂದು ನಂಬಿ ಕಟ್ಟಿದ ತಂತ್ರಾಂಶಗಳು. ಯಾರೂ ಇಲ್ಲದ ಸರ್ವರಿನಲ್ಲಿ ಅವನ್ನು ಓಡಿಸಲು ನಮ್ಮ ಶಿಫಾರಸಿಲ್ಲ, ನಿಂತರೆ ನಾವು ಹೊಣೆಯಲ್ಲ. ಅದೇ ಟಿಪ್ಪಣಿಯ ಕೆಳಗೆ ಇನ್ನೊಂದು ಮಾತಿತ್ತು. ಅದನ್ನು ಓದಿದ ದಿನ ಪಿಡಿಎಫ್ ಅಣ್ಣ ಊಟ ಮಾಡಲಿಲ್ಲ. ಸರ್ವರಿನಲ್ಲಿ ಕೂತ ಆಫೀಸ್ ತಂತ್ರಾಂಶದಿಂದ ಕೆಲಸ ಮಾಡಿಸಿಕೊಳ್ಳುವ ಪ್ರತಿಯೊಬ್ಬನ ಹತ್ತಿರವೂ ಆ ತಂತ್ರಾಂಶದ ಲೈಸೆನ್ಸ್ ಇರಬೇಕಂತೆ.

‘ಒಂದು ಕೊಂಡಿದೀವಲ್ಲಪ್ಪ, ಎಲ್ರೂ ಉಪಯೋಗ್ಸಿದ್ರೆ ಏನಂತೆ?’ ಎಂದು ಹೆಡ್ ಕ್ಲರ್ಕ್ ಕೇಳಿದಾಗ ಅವನು ಮೊಳಕಾಲ್ಮೂರಿನ ಉದಾಹರಣೆ ಕೊಟ್ಟ. ‘ಮನೇಲಿ ಒಂದು ಮೊಳಕಾಲ್ಮೂರು ಸೀರೆ ಐತೆ ಅನ್ಕಳಿ ಸಾ. ಮೂರು ಜನ ಸೊಸೇರು ಮದ್ವೆ ಮದ್ವೆಗೂ ಒಬ್ಬೊಬ್ರು ಉಟ್ಕಂತಾರೆ. ನಮ್ ಲೆಕ್ಕದಾಗೆ ಅದು ಸರಿ. ಇವ್ರ ಲೆಕ್ಕದಾಗೆ ಏನು ಗೊತ್ತಾ? ಸೀರೆ ಉಟ್ಟೋಳು ಆರತಿ ಎತ್ತಿದ್ಲಲ್ಲ, ಆರತಿ ತಗಂಡೋರ ಹತ್ರಾನೂ ಒಂದೊಂದು ಸೀರೆ ಇರ್ಬೇಕು.’

ಹೆಡ್ ಕ್ಲರ್ಕ್ ಬಹಳ ಹೊತ್ತು ಯೋಚಿಸಿ, ‘ಹಂಗಾದ್ರೆ ಆರತಿ ಬೇಡ’ ಎಂದರು.

ಇಷ್ಟರ ಜೊತೆಗೆ ಎಕ್ಸ್‌ಪಿಯದೂ ಒಂದು ಲೆಕ್ಕ ಇತ್ತು. ಅದು ಸರ್ವರ್ ಅಲ್ಲ, ಮೇಜಿನ ಯಂತ್ರ. ಹಂಚಿದ ಫೋಲ್ಡರಿಗೆ ಏಕಕಾಲಕ್ಕೆ ಹತ್ತು ಸಂಪರ್ಕ ಮಾತ್ರ ಅದರ ಲೈಸೆನ್ಸಿನಲ್ಲಿ ಬರೆದದ್ದು. ಹನ್ನೊಂದನೆಯವನು ಬಂದರೆ ‘ಈಗ ಜಾಗವಿಲ್ಲ’ ಎಂದು ನಯವಾಗಿ ಹೊರಗೆ ನಿಲ್ಲಿಸುತ್ತದೆ. ಇದು ಜನಕ್ಕೆ ಗೊತ್ತಾದ ಮೇಲೆ ನಮ್ಮ ಕಚೇರಿಯಲ್ಲಿ ಪವಾಡ ನಡೆಯಿತು. ಬಯೋಮೆಟ್ರಿಕ್ ಬಂದಾಗಲೂ ಹನ್ನೊಂದಕ್ಕೆ ಬರುತ್ತಿದ್ದವರು ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದು ಶೇಂಗಾ ತೆರೆದು ಕೂರತೊಡಗಿದರು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ. ಕೆಲಸ ಇಲ್ಲದವರೂ ಹಿಡಿದರು. ದಿನವೂ ಇಬ್ಬರು ಹೊರಗುಳಿಯುತ್ತಿದ್ದರು, ಅವರಲ್ಲಿ ಒಬ್ಬರು ತಪ್ಪದೆ ಸಾಹೇಬರು.

ಪಿಡಿಎಫ್ ಅಣ್ಣ ಒಂದು ವಾರ ಬಸ್ಸಿನಲ್ಲಿ ಯಾರ ಫೋನನ್ನೂ ಎತ್ತದೆ ಓದಿದ. ಆಮೇಲೆ ಎಕ್ಸ್‌ಪಿ ಅಳಿಸಿ ಲಿನಕ್ಸ್ ಹಾಕಿದ, ವರ್ಡ್ ತೆಗೆದು ಲಿಬ್ರೆಆಫೀಸ್ ಕೂರಿಸಿದ. ಎರಡಕ್ಕೂ ಕಾಸಿಲ್ಲ, ತಲೆ ಲೆಕ್ಕವಿಲ್ಲ, ಯಂತ್ರದ ಲೆಕ್ಕವಿಲ್ಲ. ಎಷ್ಟು ಜನ ಬೇಕಾದರೂ ಸುರಿಯಬಹುದು, ಇಳಿಸಿಕೊಳ್ಳಬಹುದು. ‘ಗೋಮಾಳ ಇದ್ದಂಗೆ ಸಾ’ ಎಂದ. ದನ ಮೇಯುತ್ತಿದ್ದ ಅಮೃತಮಹಲ್ ಕಾವಲಿಗೆ ಬೇಲಿ ಬಿದ್ದದ್ದನ್ನು ಕಂಡ ಊರಿನವನು ಗೋಮಾಳ ಎಂದರೆ ಸುಮ್ಮನೆ ಅನ್ನುವುದಿಲ್ಲ.

ಲಿಬ್ರೆಆಫೀಸಿಗೆ ಪರದೆಯೇ ಇಲ್ಲದೆ ಓಡುವ ಒಂದು ಬಗೆ ಇದೆ, ‘ಹೆಡ್‌ಲೆಸ್’ ಎನ್ನುತ್ತಾರೆ. ಯಾವ ಪೆಟ್ಟಿಗೆಯೂ ಮೂಡುವುದಿಲ್ಲ, ಯಾರನ್ನೂ ಏನೂ ಕೇಳುವುದಿಲ್ಲ. ‘ಇದು ತಲೆ ಇಲ್ದೆ ಕೆಲ್ಸ ಮಾಡ್ತೈತೆ ಸಾ’ ಎಂದು ಅವನು ಹೆಮ್ಮೆಯಿಂದ ವಿವರಿಸಿದ. ‘ನಮ್ಮಾಫೀಸು ಮೊದ್ಲಿಂದ್ಲೂ ಹಂಗೇ ಅಲ್ವೇನಪ್ಪ’ ಎಂದರು ಹೆಡ್ ಕ್ಲರ್ಕ್.

ಕಷ್ಟ ಬಂದದ್ದು ತಂತ್ರಾಂಶದಿಂದಲ್ಲ, ಅದರ ಬೆಲೆಯಿಂದ. ಲೆಕ್ಕಶಾಖೆಯವರು ಕೇಳಿದರು: ಹೊಸ ತಂತ್ರಾಂಶ ಅಳವಡಿಸಿದ್ದೀರಿ, ಬಿಲ್ಲೆಲ್ಲಿ? ಬಿಲ್ಲಿಲ್ಲ. ಮೂರು ಕೊಟೇಶನ್ ಕರೆದಿದ್ದೀರಾ? ಸೊನ್ನೆ ರೂಪಾಯಿಗೆ ಕೊಟೇಶನ್ ಕೊಡುವವರು ಚಳ್ಳಕೆರೆಯಲ್ಲಿ ಒಬ್ಬರೂ ಸಿಗಲಿಲ್ಲ. ಅತಿ ಕಡಿಮೆ ದರ ಎಂದು ಸಾಬೀತು ಮಾಡುವುದು ಹೇಗೆ? ಕೊನೆಗೆ ‘ದಾನವಾಗಿ ಬಂದದ್ದು’ ಎಂದು ಷರಾ ಬರೆಯೋಣ ಎಂದಾಗ, ದಾನಿಯ ವಿಳಾಸ ಕೇಳಿದರು. ಬಿಲ್ಲಿಲ್ಲದ ಕದ್ದ ವರ್ಡ್ ಒಂಬತ್ತು ಯಂತ್ರದಲ್ಲಿ ವರ್ಷಗಟ್ಟಲೆ ಇದ್ದಾಗ ಯಾರೂ ಕೇಳದ ಪ್ರಶ್ನೆಗಳಿವು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ‘ಮಾಡಿದಷ್ಟು ನೀಡು ಭಿಕ್ಷೆ’ ಅಂದದ್ದು ಕೂಲಿಗೆ. ಏನೂ ಬೇಡ, ಸುಮ್ಮನೆ ತಗೊಳ್ಳಿ ಅನ್ನುವವನನ್ನು ಯಾವ ಕಾಲಂನಲ್ಲಿ ಬರೆಯಬೇಕು ಎಂದು ಸ್ವಾಮಿಯೂ ಹೇಳಿಲ್ಲ.

ಹಾಗೆಂದು ಹೊಸ ಗಿರಣಿಗೆ ದೋಷ ಇರಲಿಲ್ಲವೆಂದಲ್ಲ. ನುಡಿ ಫಾಂಟುಗಳನ್ನು ಆ ಯಂತ್ರಕ್ಕೂ ಹಾಕಬೇಕಾಯಿತು. ಹಾಕಿದರೂ ಸಾಲುಗಳು ಒಂದು ಕೂದಲೆಳೆ ಜರುಗಿ, ಎರಡು ಪುಟದ ಪತ್ರ ಮೂರು ಪುಟವಾಗಿ, ಮೂರನೆಯ ಪುಟದಲ್ಲಿ ಸಾಹೇಬರ ಸಹಿಯ ಜಾಗ ಒಂದೇ ಊರಾಚೆಯ ಗುಡಿಯಂತೆ ನಿಲ್ಲುತ್ತಿತ್ತು. ಇನ್ನೊಂದು ವಿಚಿತ್ರ: ಅದೇ ಯಂತ್ರದಲ್ಲಿ ಅದೇ ಲಾಗಿನ್ನಿನಲ್ಲಿ ಯಾರಾದರೂ ಲಿಬ್ರೆಆಫೀಸ್ ತೆರೆದು ಕೂತರೆ, ಒಳಗಿನ ಗಿರಣಿ ಮುನಿಸಿಕೊಂಡು, ಕಾರಣ ಹೇಳದೆ ನಿಂತುಬಿಡುತ್ತಿತ್ತು. ಎರಡು ದಿನ ಒಂದು ಹನಿ ಎಣ್ಣೆ ಇಳಿಯದೆ ಹುಡುಕಿದಾಗ ಸಿಕ್ಕದ್ದು, ಓಕೆ ಒತ್ತುವ ಕೆಲಸ ಕಳೆದುಕೊಂಡ ಟಪಾಲು ತಿಪ್ಪೇಸ್ವಾಮಿ ಅದೇ ಮಾನಿಟರ್ ಮುಂದೆ ಮಗಳ ಮದುವೆಯ ಕರೆಯೋಲೆ ಟೈಪು ಮಾಡುತ್ತಿದ್ದದ್ದು. ಪಿಡಿಎಫ್ ಅಣ್ಣ ಬಯ್ಯಲಿಲ್ಲ. ಕರೆಯೋಲೆ ಮುಗಿಸಿಕೊಟ್ಟು, ಶೇಂಗಾಕ್ಕೆ ಹಾಕಿ, ಎಣ್ಣೆಯಿಂದ ತೆಗೆದುಕೊಟ್ಟ.

ಗಿರಣಿ ಸರಿಹೋದ ಮೇಲೆ ಆದದ್ದನ್ನು ನಾನು ಊಹಿಸಿರಲಿಲ್ಲ. ಜನ ಮತ್ತೆ ಅವನ ಮೇಜಿನ ಮುಂದೆ ಬಂದು ನಿಂತರು. ‘ಶೇಂಗಾಕ್ಕೆ ಹಾಕಿದೀನಿ, ನೀನೊಂದು ಸಲ ನೋಡಣ್ಣ.’ ‘ಎಣ್ಣೇಲಿ ಬಂದೈತೆ, ಸರಿಯಾಗಿ ಬಂದೈತಾ?’ ಫೈಲುಗಳ ಹೆಸರು ‘ಫೈನಲ್’, ‘ಫೈನಲ್ ಹೊಸದು’, ‘ಸಾಹೇಬ್ರು ತಿದ್ದಿದ್ದು ಫೈನಲ್’. ಯಂತ್ರ ಮೂರನ್ನೂ ಭೇದವೆಣಿಸದೆ ಪಿಡಿಎಫ್ ಮಾಡುತ್ತಿತ್ತು. ಯಾವುದು ಕೊನೆಯದು ಎಂಬುದು ಬರೆದವನಿಗೆ ಮರೆತಿರುತ್ತಿತ್ತು, ಪಿಡಿಎಫ್ ಅಣ್ಣನಿಗೆ ನೆನಪಿರುತ್ತಿತ್ತು.

ಒಂದು ಗುರುವಾರ ಮೊಳಕಾಲ್ಮೂರಿನಲ್ಲಿ ಕರೆಂಟಿರಲಿಲ್ಲ. ಅವನನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋದೆ. ಸಿದ್ದಾಪುರದ ಹತ್ತಿರದ ಆ ಬಂಡೆಯ ಮೇಲೆ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ಮೇಲಿನವರ ಅಪ್ಪಣೆ ತಿಳಿಸುತ್ತಾರೆ. ಶುದ್ಧ ಸುತ್ತೋಲೆ, ಅದೂ ಸರಿಯಾದ ಮಾರ್ಗದ ಮೂಲಕ. ಪ್ರತಿಗಳು ಮೂರು: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಬರೆದ ಲಿಪಿಕಾರನ ಹೆಸರು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿ, ಎಡದಿಂದ ಬಲಕ್ಕೆ. ತನ್ನ ಹುದ್ದೆ ಹೇಳುವ ಒಂದು ಪದವನ್ನು ಮಾತ್ರ ಅವನು ವಾಯವ್ಯ ಗಡಿಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ.

ಪಿಡಿಎಫ್ ಅಣ್ಣ ಬಹಳ ಹೊತ್ತು ಬಂಡೆಯ ಮುಂದೆ ಕೂತಿದ್ದ. ‘ಒಂದು ಪದಕ್ಕೆ ಬೇರೆ ಫಾಂಟ್ ಹಾಕವ್ನೆ ಸಾ’ ಎಂದ. ಮತ್ತೆ, ‘ಎಡಿಟ್ ಮಾಡಕಾಗಲ್ಲ. ಪಕ್ಕಾ ಪಿಡಿಎಫ್.’

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಓದುವುದನ್ನು ಕಂಡುಹಿಡಿಯುವ ತನಕ ಇಂಥ ಬಂಡೆಗಳನ್ನು ಓದುವವರೇ ಇರಲಿಲ್ಲ ಎಂದೆ.

‘ಫಾಂಟ್ ಎಂಬೆಡ್ ಆಗಿತ್ತು, ಓದೋ ಆಪರೇಟರ್ ರಿಟೈರಾಗಿದ್ದ’ ಎಂದ. ಆಮೇಲೆ, ‘ಚಪಡ ಪರ್ಮನೆಂಟಾ ಸಾ, ಹೊರಗುತ್ತಿಗೆಯಾ?’

ನನಗೆ ಗೊತ್ತಿರಲಿಲ್ಲ. ನಾನು ನಿವೃತ್ತನಾಗಿದ್ದೇನೆ. ಗಿರಣಿ ಎರಡೂ ಊರಿನಲ್ಲಿ ಓಡುತ್ತಿದೆ. ಅದರ ತಂತ್ರಾಂಶದ ಲೈಸೆನ್ಸಿಗೆ ಕೊನೆಯ ದಿನಾಂಕವಿಲ್ಲ. ಪಿಡಿಎಫ್ ಅಣ್ಣನ ಗುತ್ತಿಗೆ ಪ್ರತಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಈ ವರ್ಷದ ಮುಂದುವರಿಕೆ ಆದೇಶ ಇನ್ನೂ ಬಂದಿಲ್ಲ. ಬಂದರೂ ಹಳೇ ನುಡಿ ಫಾಂಟಿನಲ್ಲಿ ಬರುತ್ತದೆ, ಅವನೇ ಪಿಡಿಎಫ್ ಮಾಡಿಕೊಳ್ಳಬೇಕು.